ಎರೆ ಮಣ್ಣಿನಲ್ಲಿ ಅಗೆಯದೆ ಮಡಿ: ತಿಪ್ಪೆಗೊಬ್ಬರ ಎಷ್ಟು ಕಳಿತಿರಬೇಕು?

ಪ್ರಶ್ನೆ (ಕಲಬುರಗಿ):
ನಮ್ಮ ಹಿತ್ತಲಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಳ್ಳುವುದರಿಂದ, ಅಗೆಯುವುದನ್ನೇ ಬಿಟ್ಟು ನೆಲಕ್ಕೆ ರಟ್ಟು ಹಾಸಿ, ಮೇಲೆ ಸಗಣಿ ಗೊಬ್ಬರ ಹರಡಿ ಮೆಂತ್ಯ, ಪುಂಡಿಪಲ್ಲೆ ಬೆಳೆಯಬೇಕೆಂದಿದ್ದೇನೆ. ಎರಡು ತಿಂಗಳ ತಿಪ್ಪೆ ಸಾಕೇ?

ಉತ್ತರ (ಬೀದರ್):
ತಿರುವಿ ಹಾಕದ ತಿಪ್ಪೆಯಾದರೆ ಖಂಡಿತ ಸಾಲದು, ಏಕೆಂದರೆ ಅರೆಕೊಳೆತ ಸಗಣಿಯು ಗೊಣ್ಣೆಹುಳುಗಳಿಗೆ ಮನೆಯಾಗುತ್ತದೆ ಮತ್ತು ಎಳೆಯ ಬೇರುಗಳನ್ನು ಸುಡುತ್ತದೆ. ರಾಶಿಯೊಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಕಳೆಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ಅದಕ್ಕಾಗಿ ಹಸಿ ಸಗಣಿಗೆ ತೊಗರಿ ಹೊಟ್ಟು ಬೆರೆಸಿ, ತೇವ ಆರದಂತೆ ನೋಡಿಕೊಂಡು, ಹೊರಗಿನ ಭಾಗ ಒಳಗೆ ಹೋಗುವಂತೆ ಆಗಾಗ ತಿರುವಿ ಹಾಕಬೇಕು. ಕಳಿತ ಗೊಬ್ಬರ ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಪರಿಮಳಿಸುತ್ತದೆ. ಆ ವಾಸನೆಯನ್ನು ನಾನು ಬಹಳ ನಂಬುತ್ತೇನೆ.

ಉತ್ತರ (ಯಾದಗಿರಿ):
ರಟ್ಟಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು, ನೀರಿನಲ್ಲಿ ನೆನೆಸಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ, 4 ಇಂಚು ಗೊಬ್ಬರ ಹರಡಿರಿ. ರಟ್ಟು ಒಣಗಲು ಬಿಟ್ಟರೆ ಗೆದ್ದಲು ಹತ್ತುತ್ತದೆ. ಜೇಕು ಮಾತ್ರ ರಟ್ಟನ್ನೂ ಸೀಳಿಕೊಂಡು ಬರುವುದರಿಂದ, ಅದನ್ನು ಕಂಡಾಗಲೆಲ್ಲ ಕೀಳಲೇಬೇಕು.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ನಾಳೆಯೇ ತಿಪ್ಪೆಯನ್ನು ತಿರುವಿ, ಹೊಟ್ಟು ಸೇರಿಸಿ ನೀರು ಚಿಮುಕಿಸುತ್ತೇನೆ.