ಬ್ಲೂಫಿಶ್ ಗಾಳಕ್ಕೆ ಬಿದ್ದರೆ ಮನೆಗೆ ಒಯ್ಯಬೇಕೇ, ನೀರಿಗೆ ಬಿಡಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯಲ್ಲಿ ಗೆಳೆಯರೊಂದಿಗೆ ದೋಣಿಯಲ್ಲಿ ಗಾಳ ಹಾಕಲು ಹೋಗುತ್ತಿರುತ್ತೇನೆ. ಬ್ಲೂಫಿಶ್ ಸಿಕ್ಕರೆ ಅದರ ಸೆಣಸಾಟ ನೋಡುವುದೇ ಒಂದು ಸೊಗಸು. ಆದರೆ ದಡಕ್ಕೆ ಬಂದ ಮೇಲೆ ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಜಿಡ್ಡು, ಕಟು ವಾಸನೆ, ಬೇರೆ ಮೀನಿಗೆ ಎರೆಯಾಗಲಷ್ಟೇ ಲಾಯಕ್ಕು ಎನ್ನುತ್ತಾರೆ. ಮೀನು ಸಂಸ್ಕರಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ತಾವು ಏನು ಹೇಳುತ್ತೀರಿ?

ಉತ್ತರ: ತಿನ್ನಲು ಖಂಡಿತ ಯೋಗ್ಯವಾದ ಮೀನು, ಆದರೆ ಎರಡು ಷರತ್ತುಗಳಿವೆ: ಮೀನು ಚಿಕ್ಕದಿರಬೇಕು, ದೋಣಿಗೆ ಬಂದ ಕೂಡಲೇ ಅದರ ಆರೈಕೆ ಆಗಬೇಕು. ಇಸ್ತಾಂಬುಲ್‌ನಲ್ಲಿ ಇದೇ ಮೀನನ್ನು ಲ್ಯೂಫೆರ್ ಎಂದು ಕರೆದು, ಬಾಸ್ಫರಸ್ ಜಲಸಂಧಿಗೆ ಅದು ಬರುವ ಶರತ್ಕಾಲಕ್ಕಾಗಿ ಜನ ಕಾದು ಕುಳಿತಿರುತ್ತಾರೆ ಎಂಬುದನ್ನು ನಿಮ್ಮ ಗೆಳೆಯರಿಗೆ ಹೇಳಿ ನೋಡಿ.

ಸದಾ ವೇಗವಾಗಿ ಈಜುತ್ತ, ಹಿಂಡುಗಟ್ಟಿ ಬೇಟೆಯಾಡುವ ಈ ಮೀನಿನ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಬೇಕಾಗುವುದರಿಂದ, ಪಕ್ಕೆಯ ಉದ್ದಕ್ಕೂ ಚರ್ಮದ ಅಡಿಯಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ತುಂಬಿದ ಕಂದುಗೆಂಪು ಮಾಂಸದ ಪಟ್ಟಿ ಇರುತ್ತದೆ, ಎಣ್ಣೆಯಂಶವೂ ಅಲ್ಲಿಯೇ ಹೆಚ್ಚು. ಗಾಳಿ ತಾಗಿದಾಗ ಆ ಎಣ್ಣೆ ಬೇಗನೆ ಕಮಟುತ್ತದೆ. ಜನ ದೂರುವ ವಾಸನೆಯ ಬಹುಪಾಲು ಇಲ್ಲಿಂದಲೇ ಬರುವುದು. ತಾಜಾ ಮೀನಿನಲ್ಲಿ ಅದು ಇಷ್ಟು ಜೋರಾಗಿರುವುದಿಲ್ಲ.

ಆದ್ದರಿಂದ ಮೀನು ಮೇಲೆ ಬಂದೊಡನೆ ಕಿವಿರುಗಳ ಬುಡದಲ್ಲಿ ಚಾಕು ಹಾಕಿ, ಸಮುದ್ರದ ನೀರಿನ ಬಕೆಟ್‌ನಲ್ಲಿ ತಲೆಕೆಳಗಾಗಿ ಇಟ್ಟು, ನೀರು ಕೆಂಪಾಗಿ ನೆತ್ತರು ಹರಿದುಹೋಗುವವರೆಗೆ ಬಿಡಿ. ಬೆರಳುಗಳ ಮೇಲೆ ನಿಗಾ ಇರಲಿ, ಅದರ ಹಲ್ಲು ತಮಾಷೆಯದಲ್ಲ. ಅನಂತರ ಕರುಳು ತೆಗೆದು, ಮಂಜುಗಡ್ಡೆಗೆ ಸಮುದ್ರದ ನೀರು ಬೆರೆಸಿದ ಡಬ್ಬಿಯಲ್ಲಿ ಮುಳುಗಿಸಿ. ಬರೀ ಮಂಜುಗಡ್ಡೆಯ ಮೇಲೆ ಮಲಗಿಸಿದರೆ ಇಷ್ಟು ಬೇಗ ತಣ್ಣಗಾಗುವುದಿಲ್ಲ. ಇದು ರುಚಿಯ ಮಾತಷ್ಟೇ ಅಲ್ಲ. ಈ ಜಾತಿಯ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ, ಒಮ್ಮೆ ಹಿಸ್ಟಮಿನ್ ಆದ ಮೇಲೆ ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆನೋವು, ಮೈತುರಿಕೆ ಬರುವುದು ಇದರಿಂದಲೇ.

ಮನೆಯಲ್ಲಿ ಚರ್ಮ ಸುಲಿದು, ತುಂಡಿನ ನಡುವಿನ ಕಂದು ಪಟ್ಟಿಯನ್ನು ಎರಡೂ ಕಡೆಯಿಂದ ಓರೆಯಾಗಿ ಕತ್ತರಿಸಿ ಎತ್ತಿಬಿಡಿ. ಉಳಿದ ಮಾಂಸವನ್ನು ನಿಂಬೆರಸ ಅಥವಾ ವಿನೆಗರ್ ಸವರಿ ಕೆಂಡದ ಮೇಲೆ ಸುಟ್ಟರೆ ಹುಳಿಯು ಎಣ್ಣೆಯ ಭಾರವನ್ನು ಇಳಿಸುತ್ತದೆ. ಹೊಗೆಯಲ್ಲಿ ಒಣಗಿಸುವುದು ನನ್ನ ಮೊದಲ ಆಯ್ಕೆ, ಏಕೆಂದರೆ ಎಣ್ಣೆಯುಳ್ಳ ಮೀನು ಹೊಗೆಯನ್ನು ಚೆನ್ನಾಗಿ ಹೀರುತ್ತದೆ, ಒಣಗಿ ಕಟ್ಟಿಗೆಯಂತಾಗುವುದೂ ಇಲ್ಲ. ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವುದನ್ನು ಮಾತ್ರ ನಾನು ಹೇಳಲಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಒಂದೇ ದಿನ ಹೆಚ್ಚು ಸಿಕ್ಕರೆ ಫ್ರೀಜರ್‌ನಲ್ಲಿ ಇಡಬಹುದೇ? ದೊಡ್ಡ ಮೀನಿನಲ್ಲಿ ವಿಷವಿರುತ್ತದೆ ಎಂಬ ಮಾತು ನಿಜವೇ ಸರ್?

ಉತ್ತರ: ಇಡಬಹುದು, ಆದರೆ ಫ್ರೀಜರ್‌ನಲ್ಲಿಯೂ ಎಣ್ಣೆ ಕಮಟುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ತಿನ್ನುವಷ್ಟನ್ನೇ ಹಿಡಿಯುವುದು ಲೇಸು. ಹೆಚ್ಚಾದರೆ ಹೊಗೆ ಹಾಕಿ, ಅದನ್ನೂ ಫ್ರಿಜ್‌ನಲ್ಲಿಡಿ.

ವಿಷದ ಮಾತಿನಲ್ಲಿ ಹುರುಳಿದೆ. ಬ್ಲೂಫಿಶ್ ಇತರ ಮೀನುಗಳನ್ನು ತಿಂದು ಬೆಳೆಯುವುದರಿಂದ, ವಯಸ್ಸಾದಂತೆ ಅದರಲ್ಲಿ ಪಾದರಸವೂ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕವೂ ಶೇಖರವಾಗುತ್ತವೆ. ಪಿಸಿಬಿ ಕೊಬ್ಬಿನಲ್ಲಿ ಸೇರಿರುವ ಕಾರಣ ಚರ್ಮ, ಹೊಟ್ಟೆಯ ಕೊಬ್ಬು ಮತ್ತು ಆ ಕಂದು ಪಟ್ಟಿಯನ್ನು ತೆಗೆದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಪಾದರಸ ಮಾಂಸದಲ್ಲೇ ಬೆರೆತಿರುವುದರಿಂದ ಚಾಕುವಿಗೆ ಸಿಗುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳಿಗಾಗಿ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ (ಎಫ್‌ಡಿಎ) ಹಾಗೂ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಸಿದ್ಧಪಡಿಸಿದ ಪಟ್ಟಿಯಲ್ಲಿ ಇದು ವಾರಕ್ಕೆ ಒಂದೇ ಸಲ ತಿನ್ನಬಹುದಾದ ಗುಂಪಿನಲ್ಲಿದೆ. ಸ್ವಂತವಾಗಿ ಹಿಡಿದ ದೊಡ್ಡ ಮೀನಿನ ಬಗ್ಗೆ ಕೆಲವು ರಾಜ್ಯಗಳ ಸೂಚನೆ ಇದಕ್ಕಿಂತ ಕಟ್ಟುನಿಟ್ಟು, ಅದನ್ನು ಓದಿಯೇ ಹೊರಡಿ. 1972ರಲ್ಲಿ ಉತ್ತರ ಕೆರೊಲಿನಾದ ಹ್ಯಾಟೆರಸ್‌ನಲ್ಲಿ ಸಿಕ್ಕ ದಾಖಲೆಯ ಬ್ಲೂಫಿಶ್ 14 ಕಿಲೋ ದಾಟಿತ್ತು. ಅಂಥದ್ದು ನಿಮಗೆ ಸಿಕ್ಕರೆ ಫೋಟೋ ತೆಗೆದುಕೊಂಡು ನೀರಿಗೆ ಬಿಡಿ, ಅಡುಗೆಮನೆಗೆ ಒಂದೆರಡು ಕಿಲೋದೊಳಗಿನದು ಸಾಕು.