ಹಿಂದಿರುಗಿಸುವ ಬೂಟಿಗೆ ಕಟ್ಟಿದ ಸುಂಕ ಮರಳಿ ಸಿಗುತ್ತದೆಯೇ?

ಪ್ರಶ್ನೆ: ಮಾನ್ಯರೇ, ಜರ್ಮನಿಯ ಆನ್‌ಲೈನ್ ಮಳಿಗೆಯೊಂದರಿಂದ 9,000 ರೂಪಾಯಿಯ ಚಾರಣದ ಬೂಟುಗಳನ್ನು ತರಿಸಿದೆ. ಸಾಗಣೆ ವೆಚ್ಚವನ್ನೂ ಸೇರಿಸಿ ಪಾವತಿಸಿದ್ದರಿಂದ ಬೇರೇನೂ ಕೊಡಬೇಕಾಗಿಲ್ಲವೆಂದು ನಂಬಿದ್ದೆ. ಆದರೆ ಮೈಸೂರಿನ ಮನೆಗೆ ಪಾರ್ಸೆಲ್ ತಂದ ಕೊರಿಯರ್‌ನವರು ಸುಂಕವನ್ನೂ ತಮ್ಮ ಸೇವಾ ಶುಲ್ಕವನ್ನೂ ಕೇಳಿದಾಗ ದಿಕ್ಕು ತೋಚದೆ ಕಟ್ಟಿಬಿಟ್ಟೆ. ಈಗ ಅಳತೆ ಸರಿಯಾಗುತ್ತಿಲ್ಲ. ಮಳಿಗೆಯವರು ಬೂಟಿನ ಬೆಲೆಯನ್ನಷ್ಟೇ ಮರಳಿಸುತ್ತಾರಂತೆ. ಸುಂಕದ ಗತಿಯೇನು?

ಉತ್ತರ 1: ಸುಂಕ ಸೇರಿದ್ದು ಸರ್ಕಾರಕ್ಕೆ, ಆದ್ದರಿಂದ ಮಳಿಗೆಯವರು ಅದನ್ನು ಕೊಡಲಾರರು. ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಬೆಲೆಗೆ ಕೂಡಿಸಿಯೇ ಸುಂಕದ ಲೆಕ್ಕ ಹಾಕುತ್ತಾರೆ, ಅದರ ಮೇಲೆ ಐಜಿಎಸ್‌ಟಿಯೂ (ಸಮಗ್ರ ಸರಕು ಮತ್ತು ಸೇವಾ ತೆರಿಗೆ) ಬೀಳುತ್ತದೆ. ಆದರೆ 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬಳಸದ ವಸ್ತುವನ್ನು, ಅದು ಆಮದಾದ ವಸ್ತುವೇ ಎಂದು ಗುರುತಿಸಲು ಸಾಧ್ಯವಾಗುವಂತೆ, ಸುಂಕ ಕಟ್ಟಿದ ಎರಡು ವರ್ಷಗಳೊಳಗೆ ಮರುರಫ್ತು ಮಾಡಿದರೆ ಶೇ. 98ರಷ್ಟನ್ನು ಹಿಂಪಡೆಯಲು ಅವಕಾಶವಿದೆ.

ಉತ್ತರ 2: ಮೇಲಿನ ಮಾತು ಸರಿ, ಆದರೆ ದಯವಿಟ್ಟು ಬೂಟುಗಳನ್ನು ಸಾಮಾನ್ಯ ಪಾರ್ಸೆಲ್‌ನಂತೆ ಕಳುಹಿಸಿಬಿಡಬೇಡಿ, ಕಸ್ಟಮ್ಸ್ ಅಧಿಕಾರಿಗಳು ಪರಿಶೀಲಿಸಿ ಗುರುತಿಸದ ವಸ್ತುವಿಗೆ ಈ ಹಕ್ಕನ್ನು ಸಾಧಿಸುವುದು ಬಹಳ ಕಷ್ಟ. ಮೊದಲು ಕೊರಿಯರ್‌ನವರಿಂದ ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣಾ ಪತ್ರ) ಪ್ರತಿಯನ್ನು ಕೇಳಿ ಪಡೆಯಿರಿ. ಮುಂದೆ ಯಾರಾದರೂ ‘ಉಡುಗೊರೆ ಎಂದು ಬರೆಸಿ’ ಎಂದರೆ ಒಪ್ಪಬೇಡಿ: ಅದು ಸುಳ್ಳು ಘೋಷಣೆ. ಅಲ್ಲದೆ 5,000 ರೂಪಾಯಿವರೆಗಿನ ಉಡುಗೊರೆಗಳಿಗಿದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ರದ್ದಾಗಿದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಲ್‌ಗಾಗಿ ಇಂದೇ ಪತ್ರ ಬರೆಯುತ್ತೇನೆ.