ಪಿಕ್ಸೆಲ್ ಬೆಳಕಿನ ಏರುಪೇರು ಸರಿ ಮಾಡುವುದಕ್ಕೆ ಏನೆನ್ನುವುದು? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಗುರುವಾರ ನಮ್ಮಲ್ಲಿ ವಸ್ತುಪ್ರದರ್ಶನ. ಫೋನು, ಟಿವಿಗಳಲ್ಲಿ ಬರುವ ಓಎಲ್ಇಡಿ ಪರದೆ ಬಗ್ಗೆ ಕನ್ನಡದಲ್ಲಿ ಒಂದು ಫಲಕ ಬರೆದಿದ್ದೇವೆ, ತಲೆಬರಹ ಒಂದೇ ಬಾಕಿ. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆಯೊಳಗೆ ಕೊಡಿ ಅಂದಿದ್ದಾರೆ.

ವಿಷಯ ಇಷ್ಟು. ಓಎಲ್ಇಡಿಯಲ್ಲಿ ಹಿಂದೆ ದೀಪ ಇರುವುದಿಲ್ಲ. ಪ್ರತಿ ಪಿಕ್ಸೆಲ್, ಅಂದರೆ ಪರದೆಯ ಒಂದೊಂದು ಚುಕ್ಕಿ, ತಾನೇ ಬೆಳಗುತ್ತದೆ, ಕರೆಂಟ್ ಎಷ್ಟು ಹರಿದರೆ ಬೆಳಕು ಅಷ್ಟು. ಕರೆಂಟ್ ಬಿಡುವುದು ಆ ಪಿಕ್ಸೆಲ್‌ನ ಸ್ವಂತ ಟ್ರಾನ್ಸಿಸ್ಟರ್. ಅದು ತೆರೆದುಕೊಳ್ಳುವ ವೋಲ್ಟೇಜ್, ಅಂದರೆ ಹೊಸ್ತಿಲು, ಎಲ್ಲದಕ್ಕೂ ಒಂದೇ ಇರುವುದಿಲ್ಲ. ಹೊಸ್ತಿಲು ದಾಟಿ 1 ವೋಲ್ಟ್ ಸಿಗಬೇಕಾದ ಕಡೆ 0.9 ಸಿಕ್ಕಿದರೆ ಕರೆಂಟ್ ಶೇ. 10 ಅಲ್ಲ, ಶೇ. 19 ಇಳಿಯುತ್ತದೆ, ಯಾಕೆಂದರೆ ಅಲ್ಲಿ ನಡೆಯುವುದು ವರ್ಗದ ಲೆಕ್ಕ (0.9 × 0.9 = 0.81). ಇಡೀ ಪರದೆಗೆ ಬೂದು ಬಣ್ಣ ಹಾಕಿ ನೋಡಿದರೆ ಮೋಡದ ಹಾಗೆ ಕಲೆ ಕಲೆ. ಇದನ್ನು ಸರಿ ಮಾಡಲು ಪಿಕ್ಸೆಲ್ ಒಳಗೇ ಜಾಸ್ತಿ ಟ್ರಾನ್ಸಿಸ್ಟರ್ ಇಡುತ್ತಾರೆ. 7 ಟ್ರಾನ್ಸಿಸ್ಟರ್, 1 ಕೆಪಾಸಿಟರ್ (ವೋಲ್ಟೇಜ್ ಹಿಡಿದಿಟ್ಟುಕೊಳ್ಳುವ ಭಾಗ) ಇರುವ ಸರ್ಕ್ಯೂಟ್ ಫೋನುಗಳಲ್ಲಿ ಮಾಮೂಲಿ. ಇಂಗ್ಲಿಷಿನಲ್ಲಿ ಕಾಂಪೆನ್ಸೇಷನ್ ಅನ್ನುತ್ತಾರೆ.

ಮಕ್ಕಳು ‘ಪಿಕ್ಸೆಲ್ ಪರಿಹಾರ’ ಅಂತ ಬರೆದಿದ್ದರು, ಹೊಡೆದುಹಾಕಿದೆ. ನಮ್ಮ ಕಡೆ ಪರಿಹಾರ ಅಂದರೆ ಆನೆ ಗದ್ದೆ ತುಳಿದದ್ದಕ್ಕೆ, ಹೇಮಾವತಿ ಅಣೆಕಟ್ಟೆಗೆ ಜಮೀನು ಹೋದದ್ದಕ್ಕೆ ಸಿಗುವ ದುಡ್ಡು. ಬೇರೆ ಪದ ಕೊಡಿ.

* * *

> ಬೇರೆ ಪದ ಕೊಡಿ

ಸರಿದೂಗಿಕೆ. ಚರ್ಚೆಗೆ ಏನೂ ಇಲ್ಲ. ಸರಿದೂಗಿಸು ಮನೆಮನೆಯ ಮಾತು, ‘ಇಕೆ’ ಹಚ್ಚಿದರೆ ಹೆಸರುಪದ ಆಯಿತು. ಪರಿಹಾರ, ಪರಿಪೂರಣ ಯಾವುದೂ ಬೇಡ. ಪಿಕ್ಸೆಲ್ ಕೂಡ ಬೇಡ, ಬೆಳಕುಚುಕ್ಕಿ ಅನ್ನಿ.

* * *

ಚಿಕ್ಕಮಗಳೂರಿನಿಂದ.

ಸರಿದೂಗಿಸುವುದು ಅಂದರೆ ಆದ ನಷ್ಟವನ್ನು ಆಮೇಲೆ ತುಂಬುವುದು. ಮಳೆಗೆ ಕಾಫಿ ಉದುರಿತು, ಮೆಣಸಿನಲ್ಲಿ ಸರಿದೂಗಿತು ಅನ್ನುತ್ತೇವೆ. ಇಲ್ಲಿ ಹಾಗಲ್ಲ ಅಲ್ವಾ? ಪಿಕ್ಸೆಲ್ ಬೆಳಗುವ ಮೊದಲೇ ಆ ಟ್ರಾನ್ಸಿಸ್ಟರ್‌ನ ಹೊಸ್ತಿಲು ಎಷ್ಟು ಅನ್ನುವುದು ಕೆಪಾಸಿಟರ್‌ನಲ್ಲಿ ಸೇರಿಕೊಂಡಿರುತ್ತದೆ.

ಇದಕ್ಕೆ ಪಾಸಂಗ ಅನ್ನುವ ಪದ ಇದೆ. ನಮ್ಮಜ್ಜನ ತಕ್ಕಡಿಯಲ್ಲಿ ಒಂದು ತಟ್ಟೆ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಆ ತಟ್ಟೆಯ ಸರಪಳಿಗೆ ಹುಣಸೆಬೀಜದಷ್ಟು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದರು. ಮುಳ್ಳು ನೆಟ್ಟಗೆ ನಿಂತ ಮೇಲೇ ಮೆಣಸು ಸುರಿಯುವುದು. ತೂಗುವ ಮೊದಲು ತಕ್ಕಡಿಯದೇ ಐಬು ಕಳೆಯುವ ತೂಕ, ಅದು ಪಾಸಂಗ. ನಿಮ್ಮ ಸರ್ಕ್ಯೂಟ್ ಮಾಡುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ನನಗಂತೂ ಕಾಣುವುದಿಲ್ಲ.

* * *

> ಇದಕ್ಕೆ ಪಾಸಂಗ ಅನ್ನುವ ಪದ ಇದೆ

ಅದು ಪಾರ್ಸಿ. ಸಂಗ್ ಅಂದರೆ ಆ ನುಡಿಯಲ್ಲಿ ಕಲ್ಲು. ಇಂಗ್ಲಿಷ್ ಬೇಡವೆಂದು ಪಾರ್ಸಿ ಹಿಡಿದರೆ ಕನ್ನಡಕ್ಕೆ ಬಂದದ್ದೇನು? ‘ಪಿಕ್ಸೆಲ್ ಪಾಸಂಗ’ ಅರಿಸಮಾಸ ಬೇರೆ. ಒಪ್ಪುವುದಿಲ್ಲ.

* * *

ಅರಿಸಮಾಸ ಸಂಸ್ಕೃತ, ಕನ್ನಡ ಎರಡನ್ನು ಬೆಸೆಯುವಾಗ ಬರುವ ಮಾತು. ಇಲ್ಲಿ ಎರಡೂ ಹೊರಗಿನವು. ಅದನ್ನು ಎಲ್ಲೆಂದರಲ್ಲಿ ಎಳೆದು ತರಬೇಡಿ.

ಪ್ರಶ್ನೆ ಬಂದಿರುವುದು ಹಾಸನದಿಂದ. ಅಲ್ಲಿನ ರೈತರು ಬೆಳೆಯುವುದು ಆಲೂಗಡ್ಡೆ. ಆಲೂ ಎಲ್ಲಿಯದು, ಗಡ್ಡೆ ಎಲ್ಲಿಯದು? ರೈತ, ಜಮೀನು ಇವೂ ಹೊರಗಿಂದ ಬಂದವೇ. ಅದೇ ಜಿಲ್ಲೆಯ ಹಲ್ಮಿಡಿ ಶಾಸನ ನೋಡಿ. ಸುಮಾರು ಕ್ರಿ.ಶ. 450ರದು, ಅದರಲ್ಲೇ ಎಷ್ಟು ಸಂಸ್ಕೃತ ಪದ! ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ನಮ್ಮವರು ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದಾರಾ ಅನ್ನುವುದು ನನಗೆ ಮುಖ್ಯ. ಪಾಸಂಗ ಸಂತೆಯಲ್ಲಿ ದುಡಿದ ಪದ. ಬೆಳಕುಚುಕ್ಕಿಯನ್ನು ಯಾವ ರಿಪೇರಿ ಅಂಗಡಿಯಲ್ಲಿ ಕೇಳಿದ್ದೀರಿ?

ಪರದೆ ಮೇಲಿನ ಆ ಮೋಡದಂಥ ಕಲೆಗಳಿಗೆ ಜಗತ್ತಿನ ಪರದೆ ಕಾರ್ಖಾನೆಗಳೆಲ್ಲ ‘ಮುರಾ’ ಅನ್ನುತ್ತವೆ, ಜಪಾನಿ ಪದ. ಅದನ್ನು ಹೋಗಲಾಡಿಸುವುದು ‘ಡಿಮುರಾ’. ಇಂಗ್ಲಿಷಿನ ತಲೆ, ಜಪಾನಿನ ಮೈ. ಎಂಜಿನಿಯರುಗಳ ಕೆಲಸ ಅದರಿಂದ ನಿಂತಿಲ್ಲ.

* * *

ಎಲ್ಲರಿಗೂ ವಂದನೆ. ಫೈಲ್ ಕಳಿಸಿಯಾಯಿತು, ಈಗ ಬದಲಿಸುವಂತಿಲ್ಲ.

ತಲೆಬರಹ: ‘ಪಿಕ್ಸೆಲ್ ಬೆಳಕಿನ ಏರುಪೇರು ಸರಿದೂಗಿಸುವುದು’. ‘ಸರಿದೂಗಿಕೆ’ ಓದಿ ಮಕ್ಕಳು ಒಂದು ಕ್ಷಣ ತಡವರಿಸಿದರು, ಕ್ರಿಯಾಪದ ಸಲೀಸಾಗಿ ಬಂತು. ಆಮೇಲೆ ಅಳೆದು ತುಂಬುವ ಬಗೆಗಳೂ ಇವೆ. ದೊಡ್ಡ ಟಿವಿಗಳಲ್ಲಿ ಹೊರಗಿನ ಸರ್ಕ್ಯೂಟ್ ಪ್ರತಿ ಪಿಕ್ಸೆಲ್ ಎಷ್ಟು ಸವೆದಿದೆ ಅಂತ ಅಳೆದು, ಕೊಡುವ ವೋಲ್ಟೇಜನ್ನೇ ತಿದ್ದುತ್ತದೆ. ಎಲ್ಲಕ್ಕೂ ಸೇರಿ ಹೊಂದುವುದು ಸರಿದೂಗಿಸು ಅನ್ನಿಸಿತು.

ಪಿಕ್ಸೆಲ್ ಒಳಗಿನ 7 ಟ್ರಾನ್ಸಿಸ್ಟರ್‌ಗಳ ಚಿತ್ರದ ಕೆಳಗೆ ಮಾತ್ರ ‘ಪಾಸಂಗ’ ಹಾಕಿದ್ದೇನೆ. ಒಬ್ಬ ಹುಡುಗನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಕೆಪಾಸಿಟರ್ ಯಾಕೆ ಅಂತ ಎರಡು ವಾರದಿಂದ ಕೇಳುತ್ತಿದ್ದವನು, ಪಾಸಂಗ ಅಂದ ಕೂಡಲೇ ಸುಮ್ನೆ ಎದ್ದು ಹೋಗಿ ಚಿತ್ರದ ಪಕ್ಕ ಒಂದು ತಕ್ಕಡಿ ಬರೆದ. ತಟ್ಟೆ ಖಾಲಿ, ಸರಪಳಿಗೆ ಕಟ್ಟಿದ ಕಲ್ಲು. ಅದನ್ನೂ ಫಲಕಕ್ಕೆ ಸೇರಿಸಿದೆವು.

ಕಾರ್ಖಾನೆಯಲ್ಲಿ ಕ್ಯಾಮೆರಾದಿಂದ ಪರದೆಯ ಫೋಟೊ ತೆಗೆದು ಮಾಡುವ ಡಿಮುರಾಗೆ ಸದ್ಯ ‘ಕಲೆ ತೆಗೆಯುವುದು’ ಅಂತ ಬರೆದಿದ್ದೇವೆ.